ಕೂತಿತು, ಆದರೆ ಒಗ್ಗಲಿಲ್ಲ: ಪ್ರವಾಸದ ಮೋಟಾರ್‌ಸೈಕಲ್ಲಿಗೆ ಅಗಲದ ಹಿಂದಿನ ಟೈರ್ ಹಾಕಿಸಿದ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಸವಾರರು ಮಲೆನಾಡಿನ ಸೆರಗಿನಲ್ಲಿರುವ ಒಂದು ತಾಲ್ಲೂಕು ಕೇಂದ್ರದವರು. ಅವರ ಹೆಸರು, ಊರು, ಉದ್ಯೋಗ, ಮೋಟಾರ್‌ಸೈಕಲ್ಲಿನ ಕಂಪನಿ, ಟೈರ್ ಮಾರಿದ ಅಂಗಡಿ ಯಾವುದನ್ನೂ ಇಲ್ಲಿ ಬರೆಯುತ್ತಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಪ್ರಕರಣದ ತಿರುಳಿರುವುದು ಅಳತೆಗಳಲ್ಲಿಯೇ. ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಜೊತೆಯಾಗಿ ದೂರದ ಪ್ರಯಾಣ ಹೋಗುವ ಹತ್ತು ಹನ್ನೆರಡು ಮಂದಿಯ ಬಳಗದಲ್ಲಿ ಹೊರಡುವ ಮೊದಲು ಗಾಡಿಗಳನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡುವ ಕೆಲಸ ಹಲವು ವರ್ಷಗಳಿಂದ ನನ್ನದಾಗಿದೆ, ಅಷ್ಟೆ.

ಗಾಡಿ ನಾನೂರು ಸಿಸಿ ಆಸುಪಾಸಿನ, ಒಂದೇ ಸಿಲಿಂಡರಿನ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಪ್ರವಾಸದ ಮೋಟಾರ್‌ಸೈಕಲ್. ಮುಂದಿನದು 21 ಇಂಚಿನ ಚಕ್ರ, ಹಿಂದಿನದು 17 ಇಂಚಿನದು. ಎರಡಕ್ಕೂ ಸ್ಪೋಕ್ ಇದ್ದು, ಎರಡರೊಳಗೂ ಟ್ಯೂಬ್ ಇದೆ. ಕಂಪನಿ ಕೊಟ್ಟ ಹಿಂದಿನ ಟೈರಿನ ಅಳತೆ 120/90-17, ರಿಮ್ಮಿನ ಅಗಲ ಎರಡೂವರೆ ಇಂಚು. ಹೊಸಬರಿಗಾಗಿ ಈ ಸಂಖ್ಯೆಗಳನ್ನು ಬಿಡಿಸಿ ಹೇಳುವುದಾದರೆ, 120 ಎಂಬುದು ಟೈರಿನ ಅಗಲ ಮಿಲಿಮೀಟರಿನಲ್ಲಿ, 90 ಎಂಬುದು ಆ ಅಗಲಕ್ಕೆ ಟೈರಿನ ಪಕ್ಕದ ಗೋಡೆ ಶೇಕಡಾ ಎಷ್ಟು ಎತ್ತರವಿದೆ ಎಂಬ ಲೆಕ್ಕ, 17 ಎಂಬುದು ರಿಮ್ಮಿನ ವ್ಯಾಸ ಇಂಚಿನಲ್ಲಿ.

ಸವಾರರು ವಾರದ ದಿನಗಳಲ್ಲಿ ಒಬ್ಬರೇ ಓಡಿಸುತ್ತಿದ್ದರು. ರಜೆ ಬಂದಾಗ ಪತ್ನಿಯನ್ನು ಕೂರಿಸಿಕೊಂಡು, ಎರಡು ಪಕ್ಕದ ಪೆಟ್ಟಿಗೆ, ಹಿಂದೊಂದು ಟಾಪ್ ಬಾಕ್ಸ್ ಕಟ್ಟಿಕೊಂಡು ಹೊರಡುತ್ತಿದ್ದರು. ಇಬ್ಬರ ತೂಕ ಸೇರಿ ಸುಮಾರು 140 ಕಿಲೋ, ಸಾಮಾನು ಮತ್ತು ಪೆಟ್ಟಿಗೆಗಳದ್ದು ಇನ್ನೊಂದು 30 ಕಿಲೋ. ಡಿಸೆಂಬರಿನಲ್ಲಿ ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರತ್ನಾಗಿರಿಯವರೆಗೆ ಹೋಗಿಬರಬೇಕೆಂಬುದು ದಂಪತಿಯ ಬಹುದಿನದ ಯೋಜನೆಯಾಗಿತ್ತು.

ಎರಡು ದೂರುಗಳು, ಒಂದೇ ಪರಿಹಾರ

ಅವರಿಗೆ ಎರಡು ತೊಂದರೆಗಳಿದ್ದವು. ಮೊದಲನೆಯದು, ಇಬ್ಬರು ಕೂತು ಸಾಮಾನು ಹೇರಿದಾಗ ಗಂಟೆಗೆ 75 ಕಿ.ಮೀ. ವೇಗದ ಆಸುಪಾಸಿನಲ್ಲಿ ಗಾಡಿಯ ಹಿಂಭಾಗ ನಿಧಾನವಾಗಿ ಎಡಬಲಕ್ಕೆ ಓಲಾಡುತ್ತಿತ್ತು. ಎರಡನೆಯದು, ಜುಲೈ ತಿಂಗಳ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವಾಗ ಹೇರ್‌ಪಿನ್ ತಿರುವೊಂದರಲ್ಲಿ ಹಿಂದಿನ ಚಕ್ರ ಒಂದು ಗೇಣಿನಷ್ಟು ಜಾರಿತ್ತು. ಬೀಳಲಿಲ್ಲ, ಆದರೆ ಹಿಂದೆ ಕೂತವರು ಮುಂದಿನ ತಿರುವಿನಲ್ಲಿ ಇಳಿದು ಸ್ವಲ್ಪ ದೂರ ನಡೆದೇ ಬಂದರಂತೆ. ಒಂದು ಜೀವವನ್ನು ಬೆನ್ನ ಹಿಂದೆ ಕೂರಿಸಿಕೊಂಡು ಹೋಗುವ ಯಾರಿಗಾದರೂ ಆ ನಡಿಗೆ ಎಷ್ಟು ಭಾರವೆಂದು ಗೊತ್ತಿರುತ್ತದೆ. ಆದ್ದರಿಂದ ಸವಾರರು ಮುಂದೆ ಕೈಗೊಂಡ ತೀರ್ಮಾನವನ್ನು ನಾನು ಷೋಕಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಕಾಳಜಿಯಿಂದಲೇ ಹುಟ್ಟಿದ್ದು.

ತೀರ್ಮಾನ ಇಷ್ಟೇ: ಓಲಾಟಕ್ಕೂ ಜಾರುವಿಕೆಗೂ ಹಿಂದಿನ ಟೈರ್ ತೆಳುವಾಗಿರುವುದೇ ಕಾರಣ, ಅಗಲದ ಟೈರ್ ಹಾಕಿಸಿದರೆ ರಸ್ತೆಯ ಮೇಲೆ ಹೆಚ್ಚು ರಬ್ಬರ್ ಕೂರುತ್ತದೆ, ಎರಡೂ ತೊಂದರೆಗಳು ಒಟ್ಟಿಗೆ ಹೋಗುತ್ತವೆ. ಎರಡು ಬೇರೆ ಬೇರೆ ದೂರುಗಳನ್ನು ಒಂದೇ ಕಾರಣಕ್ಕೆ ಕಟ್ಟಿದ್ದೇ ಈ ಪ್ರಕರಣದ ಮೊದಲ ತಿರುವು ಎಂದು ಈಗ ನನಗನ್ನಿಸುತ್ತದೆ. ಓಲಾಟ ಬರುತ್ತಿದ್ದುದು ಭಾರ ಹೇರಿದಾಗ, ಒಣ ರಸ್ತೆಯಲ್ಲಿ, ನೇರ ದಾರಿಯಲ್ಲಿ. ಜಾರಿದ್ದು ಒದ್ದೆ ರಸ್ತೆಯಲ್ಲಿ, ತಿರುವಿನಲ್ಲಿ, ನಿಧಾನವಾಗಿ ಹೋಗುವಾಗ. ಇವೆರಡಕ್ಕೂ ಹೋಲಿಕೆ ಇದ್ದದ್ದು ಎರಡೂ ಹಿಂದಿನ ಚಕ್ರದಲ್ಲಿ ಅನುಭವಕ್ಕೆ ಬಂದವು ಎಂಬುದೊಂದರಲ್ಲಿ ಮಾತ್ರ.

ಬೆಂಗಳೂರಿನ ಒಂದು ಟೈರ್ ಅಂಗಡಿಯಲ್ಲಿ ವಿಚಾರಿಸಿದಾಗ 140/80-17 ಅಳತೆಯ ಟೈರ್ ತೋರಿಸಿದರು. ಸವಾರರು ಕೇಳಿದ ಪ್ರಶ್ನೆ, "ಇದು ನನ್ನ ಗಾಡಿಗೆ ಕೂರುತ್ತದೆಯೇ?" ಸಿಕ್ಕ ಉತ್ತರ, "ಆರಾಮಾಗಿ ಕೂರುತ್ತೆ ಸಾರ್, ಎಷ್ಟೋ ಜನಕ್ಕೆ ಹಾಕಿಕೊಟ್ಟಿದ್ದೇವೆ." ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ಟೈರ್ ಕೂತಿತು. ಕೇಳಬೇಕಿದ್ದ ಪ್ರಶ್ನೆ ಅದು ಈ ರಿಮ್ಮಿಗೆ ಒಗ್ಗುತ್ತದೆಯೇ ಎಂಬುದಾಗಿತ್ತು. ಟೈರ್ ತಯಾರಕರು ಪ್ರತಿ ಅಳತೆಗೂ ಇಂತಿಷ್ಟರಿಂದ ಇಂತಿಷ್ಟು ಅಗಲದ ರಿಮ್ ಇರಬೇಕೆಂದು ಪಟ್ಟಿ ಕೊಟ್ಟಿರುತ್ತಾರೆ. ಆ ಟೈರಿನ ಪಟ್ಟಿಯಲ್ಲಿ ಕನಿಷ್ಠ ಮೂರು ಇಂಚು ಎಂದಿತ್ತು. ಟೈರಿನ ಹೆಸರಿನಲ್ಲಿರುವ 140 ಮಿ.ಮೀ. ಅಗಲವನ್ನು ಅವರು ಅಳೆದದ್ದು ಮೂರೂವರೆ ಇಂಚಿನ ರಿಮ್ಮಿನ ಮೇಲೆ. ನಾನು ಆ ಪಟ್ಟಿ ನೋಡಿದ್ದು ಎಲ್ಲ ಆದ ಮೇಲೆ.

ಹಾಕಿಸುವಾಗ ಹಳೆಯ ಟ್ಯೂಬನ್ನೇ ಉಳಿಸಿಕೊಂಡರು, ಏಕೆಂದರೆ ಅದು ಆರು ತಿಂಗಳ ಹಿಂದಷ್ಟೇ ಬದಲಿಸಿದ ಗಟ್ಟಿ ಟ್ಯೂಬ್. ಚೈನ್ ಬದಿಯಲ್ಲಿ ಟೈರಿಗೂ ಸ್ವಿಂಗ್ ಆರ್ಮಿಗೂ (ಹಿಂದಿನ ಚಕ್ರವನ್ನು ಎರಡು ಬದಿಯಿಂದ ಹಿಡಿದಿರುವ ಕವೆಗೂ) ನಡುವೆ ಕಿರುಬೆರಳ ತುದಿ ತೂರುವಷ್ಟು ಜಾಗ ಉಳಿಯಿತು. ಅಗಲದ ಟೈರಿಗೆ ಕಡಿಮೆ ಗಾಳಿ ಸಾಕೆಂದು ಯಾರೋ ಹೇಳಿದ್ದನ್ನು ನಂಬಿ, ಇಬ್ಬರು ಕೂತಾಗ ಕೈಪಿಡಿ ಸೂಚಿಸಿದ್ದ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬದಲು ಸದಾ 26 ಇಡತೊಡಗಿದರು.

ಮೊದಲ ಆರುನೂರು ಕಿಲೋಮೀಟರು

ಮೊದಲ ಆರುನೂರು ಕಿಲೋಮೀಟರು ಅವರಿಗೆ ಬಹಳ ಸಮಾಧಾನ ಕೊಟ್ಟಿತು. ಒದ್ದೆ ರಸ್ತೆಯಲ್ಲಿ ಗಾಡಿ ಕಚ್ಚಿಕೊಂಡು ಹೋಗುತ್ತಿದೆ, ಓಲಾಟ ಸುಳಿದಿಲ್ಲ ಎಂದು ಬಳಗದವರಿಗೆಲ್ಲ ಹೇಳಿದರು. ಇನ್ನಿಬ್ಬರು ಅದೇ ಟೈರ್ ಹಾಕಿಸಲು ಹೊರಟಿದ್ದರು. ಈ ಸಮಾಧಾನದೊಳಗೆ ಅಡಗಿದ್ದ ಎರಡು ಸಂಗತಿಗಳನ್ನು ನಾವು ಯಾರೂ ಆಗ ಗಮನಿಸಲಿಲ್ಲ. ತೆಗೆದುಹಾಕಿದ ಟೈರ್ 17,000 ಕಿ.ಮೀ. ಓಡಿ ನಡುಭಾಗ ಹಲಗೆಯಂತೆ ಚಪ್ಪಟೆಯಾಗಿತ್ತು; ಪಕ್ಕದಲ್ಲಿ ಅಚ್ಚೊತ್ತಿದ್ದ ನಾಲ್ಕು ಅಂಕಿಗಳನ್ನು, ಅಂದರೆ ತಯಾರಾದ ವಾರ ಮತ್ತು ವರ್ಷವನ್ನು ಓದಿದರೆ ಅದಕ್ಕೆ ಐದು ವರ್ಷ ದಾಟಿತ್ತು. ಅಂಥದ್ದನ್ನು ತೆಗೆದು ಯಾವ ಹೊಸ ಟೈರ್ ಹಾಕಿದ್ದರೂ, ಅದು ಅಗಲದ್ದಿರಲಿ ಬಿಡಲಿ, ಒದ್ದೆಯಲ್ಲಿ ಹಿಡಿತ ಹೆಚ್ಚುತ್ತಿತ್ತು. ಇನ್ನೊಂದು ಸಂಗತಿ ಇದಕ್ಕಿಂತ ಸರಳ: ಆ ಆರುನೂರು ಕಿಲೋಮೀಟರಿನಲ್ಲಿ ಅವರು ಒಮ್ಮೆಯೂ ಪತ್ನಿಯನ್ನು ಕೂರಿಸಿಕೊಂಡು ಸಾಮಾನು ಹೇರಿ ಹೆದ್ದಾರಿಗೆ ಹೋಗಿರಲಿಲ್ಲ. ಓಲಾಟ ಕಾಣಿಸಿಕೊಳ್ಳುವ ಸಂದರ್ಭವೇ ಬಂದಿರಲಿಲ್ಲ.

ಆಗಸ್ಟಿನಲ್ಲಿ ಇಬ್ಬರೂ ಸಾಮಾನು ಸಮೇತ ಶಿವಮೊಗ್ಗದಿಂದ ತರೀಕೆರೆ ಕಡೆಗೆ ಹೊರಟಾಗ ಓಲಾಟ ಮರಳಿತು. ಈ ಬಾರಿ 70ಕ್ಕೇ ಶುರುವಾಯಿತು. ಘಾಟಿಯ ತಿರುವುಗಳಲ್ಲಿ ಇನ್ನೊಂದು ಹೊಸ ಲಕ್ಷಣವೂ ಸೇರಿಕೊಂಡಿತು: ಗಾಡಿ ವಾಲಲು ಒಪ್ಪದೆ ಹ್ಯಾಂಡಲನ್ನು ಒತ್ತಿ ಒತ್ತಿ ವಾಲಿಸಬೇಕಾಗುತ್ತಿತ್ತು, ವಾಲಿದ ಮೇಲೆ ತಿರುವಿನ ನಡುವೆ ಹಿಂಭಾಗ ಒಮ್ಮೆ ಮೆತ್ತಗೆ ಹೊರಳಿದಂತಾಗುತ್ತಿತ್ತು. ಸವಾರರು ಅದನ್ನು ಅಭ್ಯಾಸದ ಮಾತೆಂದುಕೊಂಡು ತಿದ್ದಿಕೊಳ್ಳಲು ನೋಡಿದರು.

ಅದೇ ತಿಂಗಳು ಸವೆದ ಚೈನ್ ಮತ್ತು ಸ್ಪ್ರಾಕೆಟ್ ಬದಲಾದವು. ಇದು ಟೈರಿಗೆ ಸಂಬಂಧವಿಲ್ಲದ ಕೆಲಸವೆಂದು ತೋರಬಹುದು. ಆದರೆ ಹಳೆಯ ಚೈನ್ ಉದ್ದವಾಗಿರುವುದರಿಂದ ಹಿಂದಿನ ಚಕ್ರ ಹಿಂದಕ್ಕೆ ಎಳೆದ ಸ್ಥಿತಿಯಲ್ಲಿರುತ್ತದೆ. ಹೊಸ ಚೈನ್ ಹಾಕಿದರೆ ಅದು ಮುಂದಕ್ಕೆ ಬರುತ್ತದೆ, ಮುಂದಕ್ಕೆ ಬಂದಷ್ಟೂ ಸ್ವಿಂಗ್ ಆರ್ಮಿನ ಎರಡು ತೋಳುಗಳ ನಡುವಿನ ಜಾಗ ಕಿರಿದಾಗುತ್ತದೆ. ಮೊದಲು ಕಿರುಬೆರಳ ತುದಿ ತೂರುತ್ತಿದ್ದ ಕಡೆ ಈಗ ದಪ್ಪ ರಟ್ಟಿನ ತುಂಡೊಂದು ಕಷ್ಟದಿಂದ ತೂರುವಂತಾಗಿತ್ತು. ಮಲೆನಾಡಿನ ಮಳೆಗಾಲದ ಕೆಮ್ಮಣ್ಣಿಗೆ ಅಷ್ಟು ಜಾಗ ಸಾಕು. ಮಣ್ಣು ಅಲ್ಲಿ ಮೆತ್ತಿಕೊಂಡು, ಅದರೊಳಗೆ ಸಣ್ಣ ಜಲ್ಲಿಕಲ್ಲು ಸಿಕ್ಕಿ, ಟೈರಿನ ಪಕ್ಕದ ಗೋಡೆಯ ಮೇಲೆ ಸುತ್ತಲೂ ಒಂದು ಗೀರು ಬಿದ್ದಿತು. ಗಾಡಿ ತೊಳೆಯುವಾಗ ಅವರು ಗೀರನ್ನು ಕಂಡಿದ್ದರು. ಕಾರಣವನ್ನು ಹುಡುಕಲಿಲ್ಲ.

ಶೃಂಗೇರಿ ದಾರಿಯ ಪಂಕ್ಚರ್

ಸೆಪ್ಟೆಂಬರಿನ ಕೊನೆಯಲ್ಲಿ ಶೃಂಗೇರಿಯಿಂದ ಕೊಪ್ಪದ ಕಡೆಗೆ ಮರಳುವಾಗ, ಗಂಟೆಗೆ 40ರ ವೇಗದಲ್ಲಿ, ಹಿಂದಿನ ಚಕ್ರದ ಗಾಳಿ ಏಕಾಏಕಿ ಇಳಿಯಿತು. ನೇರ ದಾರಿ, ಎದುರಿಗೆ ವಾಹನವಿರಲಿಲ್ಲ, ಸವಾರರು ಹೆದರಿ ಹಿಂದಿನ ಬ್ರೇಕ್ ಒತ್ತಲಿಲ್ಲ. ಈ ಮೂರೂ ಕೂಡಿಬಂದದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಅದೇ ಗಾಳಿ ಒಂದು ಗಂಟೆ ಮೊದಲು ಇಳಿಜಾರಿನ ತಿರುವಿನಲ್ಲಿ ಇಳಿದಿದ್ದರೆ ಈ ಬರಹದ ಸ್ವರೂಪವೇ ಬೇರೆಯಾಗುತ್ತಿತ್ತು.

ಪಂಕ್ಚರ್ ಅಂಗಡಿಯ ಹಿರಿಯರು ಟ್ಯೂಬ್ ಹೊರತೆಗೆದು ನೋಡಿದಾಗ ಮೊಳೆಯ ಗುರುತು ಎಲ್ಲೂ ಇರಲಿಲ್ಲ. ವಾಲ್ವಿನ ಬುಡದಲ್ಲಿ ಟ್ಯೂಬ್ ಹರಿದಿತ್ತು. ಅವರು ಕೇಳಿದ ಒಂದೇ ಮಾತು ಇಡೀ ಪ್ರಕರಣದ ದಿಕ್ಕನ್ನು ಬದಲಿಸಿತು: "ವಾಲ್ವ್ ಓರೆಯಾಗಿ ಬಹಳ ದಿನ ಆಗಿರಬೇಕಲ್ಲ ಸಾರ್, ನೀವು ನೋಡಿರಲಿಲ್ವಾ?"

ಸವಾರರು ನೋಡಿದ್ದರು. ಮೂರು ವಾರಗಳಿಂದ ಗಾಳಿ ಹಿಡಿಸುವಾಗಲೆಲ್ಲ ವಾಲ್ವ್ ಒಂದು ಕಡೆಗೆ ಬಾಗಿರುವುದು ಕಣ್ಣಿಗೆ ಬಿದ್ದಿತ್ತು. ಅದರ ಅರ್ಥ ತಿಳಿದಿರಲಿಲ್ಲ. ಅರ್ಥ ಇದು: ಟೈರ್ ರಿಮ್ಮನ್ನು ಬಿಗಿಯಾಗಿ ಹಿಡಿಯದೆ, ಆಕ್ಸಿಲರೇಟರ್ ಕೊಟ್ಟಾಗ ಮತ್ತು ಬ್ರೇಕ್ ಒತ್ತಿದಾಗ ರಿಮ್ಮಿನ ಮೇಲೆ ಕೂದಲೆಳೆಯಷ್ಟು ಜರುಗುತ್ತದೆ. ಒಳಗಿನ ಟ್ಯೂಬನ್ನೂ ತನ್ನ ಜೊತೆ ಎಳೆಯುತ್ತದೆ. ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುವುದರಿಂದ ಎಳೆತವೆಲ್ಲ ಅದರ ಬುಡಕ್ಕೆ ಬೀಳುತ್ತದೆ. ಕಡಿಮೆ ಗಾಳಿ ಟೈರಿನ ಹಿಡಿತವನ್ನು ಸಡಿಲಿಸಿತ್ತು. 120ರ ಟೈರಿಗೆಂದು ಮಾಡಿದ ಟ್ಯೂಬ್ ದೊಡ್ಡ ಟೈರಿನೊಳಗೆ ಹಿಗ್ಗಿ ತೆಳುವಾಗಿತ್ತು. ತನಗಿಂತ ಕಿರಿದಾದ ರಿಮ್ಮಿನ ಮೇಲೆ ಕೂತ ಟೈರಿನ ಅಂಚುಗಳು ಒಳಕ್ಕೆ ಸೆಳೆದುಕೊಂಡು ಸರಿಯಾದ ಕೋನದಲ್ಲಿ ನಿಂತಿರಲಿಲ್ಲ. ಈ ಮೂರರಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲಾಗದು, ಆದರೆ ಮೂರೂ ಒಂದೇ ದಿಕ್ಕಿಗೆ ಎಳೆಯುತ್ತಿದ್ದವು.

ಅಳತೆಗೆ ಕೂತದ್ದು

ಅಕ್ಟೋಬರಿನಲ್ಲಿ ಗಾಡಿ ನಮ್ಮ ಅಂಗಳಕ್ಕೆ ಬಂತು. ಸವಾರರು ಆಗಲೇ ಮುಂದಿನ ಪರಿಹಾರ ಯೋಚಿಸಿದ್ದರು: ದೊಡ್ಡ ಟ್ಯೂಬ್ ಹಾಕಿ, ಗಾಳಿ ಸರಿಯಾಗಿ ಹಿಡಿಸಿ, 140ರ ಟೈರನ್ನೇ ಮುಂದುವರಿಸುವುದು. ಹಣ ಕೊಟ್ಟು ತಂದದ್ದನ್ನು ಎರಡೇ ತಿಂಗಳಿಗೆ ತೆಗೆದಿಡಲು ಮನಸ್ಸಾಗದಿರುವುದು ಸಹಜ. ನಾನು ಅವರನ್ನು ಕೇಳಿಕೊಂಡದ್ದು, ಏನನ್ನೂ ಕೊಳ್ಳುವ ಮೊದಲು ಒಂದು ದಿನವನ್ನು ಅಳತೆಗೆ ಕೊಡಿ ಎಂದು. ಅದಕ್ಕೆ ಅವರು ಒಪ್ಪಿದ್ದೇ ಎರಡನೆಯ ತಿರುವು.

ಮೊದಲು ವರ್ನಿಯರ್ ಕ್ಯಾಲಿಪರಿನಿಂದ ಟೈರಿನ ಅಗಲ ಅಳೆದೆವು. 131 ಮಿ.ಮೀ. ಬಂತು, 140 ಅಲ್ಲ. ರಿಮ್ ಅರ್ಧ ಇಂಚು ಕಿರಿದಾದರೆ ಟೈರಿನ ಅಗಲ ಸುಮಾರು 5 ಮಿ.ಮೀ. ಕುಗ್ಗುತ್ತದೆ ಎಂಬ ರೂಢಿಯ ಲೆಕ್ಕಕ್ಕೆ ಇದು ಹತ್ತಿರವಾಗಿಯೇ ಇತ್ತು. ಅಂದರೆ ಕೊಂಡದ್ದು ಇಪ್ಪತ್ತು ಮಿಲಿಮೀಟರಿನ ಹೆಚ್ಚಳ, ದಕ್ಕಿದ್ದು ಅದರ ಅರ್ಧ. ಕುಗ್ಗಿದ ಟೈರಿನ ಬೆನ್ನು ಹೆಚ್ಚು ಉಬ್ಬಿ, ಟ್ರೆಡ್ಡಿನ, ಅಂದರೆ ನೆಲ ಮುಟ್ಟುವ ಅಚ್ಚಿನ ಭಾಗದ, ಎರಡೂ ಅಂಚುಗಳು ಪಕ್ಕಕ್ಕೆ ಇಳಿದಿದ್ದವು. ಅಲ್ಲಿ ಕಾರ್ಖಾನೆಯಿಂದ ಬಂದ ರಬ್ಬರಿನ ಸಣ್ಣ ಕೂದಲುಗಳು ಸವೆಯದೆ ಹಾಗೆಯೇ ನಿಂತಿದ್ದವು. ಟ್ರೆಡ್ಡಿಗೆ ಅಡ್ಡಲಾಗಿ ಸೀಮೆಸುಣ್ಣದಿಂದ ದಪ್ಪ ಪಟ್ಟೆ ಬಳಿದು, ಒಣ ಡಾಂಬರಿನ ಮೇಲೆ ನೂರು ಮೀಟರು ನೇರವಾಗಿ ಓಡಿಸಿ ನೋಡಿದೆವು. ಅಳಿಸಿಹೋದದ್ದು ನಡುವಿನ ಪಟ್ಟಿ ಮಾತ್ರ.

ಈ ಸೀಮೆಸುಣ್ಣದ ಪರೀಕ್ಷೆಯ ಬಳಿಕ ಸವಾರರು ಕೇಳಿದ ಪ್ರಶ್ನೆ ಬಹಳ ಮುಖ್ಯವಾದದ್ದು: ಹಾಗಾದರೆ ಅಗಲದ ಟೈರ್ ರಸ್ತೆಯ ಮೇಲೆ ಹೆಚ್ಚು ರಬ್ಬರ್ ಕೂರಿಸುವುದೇ ಇಲ್ಲವೇ? ಟೈರ್ ನೆಲವನ್ನು ಮುಟ್ಟುವ ಜಾಗದ ವಿಸ್ತೀರ್ಣವನ್ನು ಹೆಚ್ಚಾಗಿ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಈ ಗಾಡಿಯ ಹಿಂದಿನ ಚಕ್ರದ ಮೇಲೆ ಎಲ್ಲ ಸೇರಿ ಸುಮಾರು 230 ಕಿಲೋ ಬೀಳುತ್ತದೆಂದು ಹಿಡಿದರೆ, 32 ಪಿಎಸ್‌ಐ ಒತ್ತಡದಲ್ಲಿ ಅದನ್ನು ಹೊರಲು ಸರಿಸುಮಾರು 100 ಚದರ ಸೆಂಟಿಮೀಟರ್ ಜಾಗ ಬೇಕು; ಟೈರ್ 120 ಆದರೂ 140 ಆದರೂ ಆ ಲೆಕ್ಕ ಹೆಚ್ಚು ಬದಲಾಗದು. ಆ ಜಾಗದ ಆಕಾರ ಬದಲಾಗುತ್ತದೆ, ಅಗಲದ ಟೈರಿನಲ್ಲಿ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಮೊಟಕಾಗುತ್ತದೆ. ಭಾರೀ ಎಂಜಿನ್ನಿನ ಗಾಡಿಗಳಲ್ಲಿ ಈ ಆಕಾರಕ್ಕೂ, ಬಿಸಿಯನ್ನು ತಾಳುವ ಹೆಚ್ಚು ರಬ್ಬರಿಗೂ ಬೆಲೆಯಿದೆ. ಇಪ್ಪತ್ತೈದು ಕುದುರೆಶಕ್ತಿಯ ಆಸುಪಾಸಿನ ಈ ಗಾಡಿಗೆ, ಅದೂ ಕೆಸರು ಕೊರೆದು ಗಟ್ಟಿ ನೆಲವನ್ನು ಮುಟ್ಟಬೇಕಾದ ನಮ್ಮ ಮಳೆಗಾಲದ ದಾರಿಗಳಿಗೆ, ಅದರ ಪ್ರಯೋಜನ ನನಗೆ ಕಾಣಲಿಲ್ಲ.

ಅಗಲದ ಟೈರ್ ತಿರುವಿನಲ್ಲಿ ಏಕೆ ಭಾರವೆನಿಸಿತು ಎಂಬುದಕ್ಕೂ ಕಾರಣಗಳಿದ್ದವು. ವಾಲಿದಾಗ ಟೈರ್ ನೆಲ ಮುಟ್ಟುವ ಬಿಂದು ನಡುಗೆರೆಯಿಂದ ಪಕ್ಕಕ್ಕೆ ಸರಿಯುತ್ತದೆ. ಟೈರ್ ಅಗಲವಾದಷ್ಟೂ ಹೆಚ್ಚು ಸರಿಯುವುದರಿಂದ, ಅದೇ ತಿರುವನ್ನು ಅದೇ ವೇಗದಲ್ಲಿ ದಾಟಲು ಗಾಡಿಯನ್ನು ಇನ್ನಷ್ಟು ವಾಲಿಸಬೇಕಾಗುತ್ತದೆ. ಹೊಸ ಟೈರಿನ ತೂಕವೂ ಹೆಚ್ಚು. ಜೊತೆಗೆ ಒಳಕ್ಕೆ ಸೆಳೆದ ಪಕ್ಕದ ಗೋಡೆಗಳು, ಕಾಲು ಜೋಡಿಸಿ ನಿಂತವನು ತಳ್ಳಿದರೆ ಓಲಾಡುವಂತೆ, ಅಡ್ಡ ಒತ್ತಡಕ್ಕೆ ಬಳುಕುತ್ತಿದ್ದವು. ಕಡಿಮೆ ಗಾಳಿ ಆ ಬಳುಕನ್ನು ಹೆಚ್ಚಿಸಿತ್ತು.

ಹಿಂದಿನ ಚಕ್ರದ ವ್ಯಾಸ ಬದಲಾದರೆ ಎಬಿಎಸ್ ಕೆಡುತ್ತದೆಂಬ ಭಯ ಮಾತ್ರ ಇಲ್ಲಿ ನಿಜವಾಗಲಿಲ್ಲ. 120/90-17 ಟೈರಿನ ಲೆಕ್ಕದ ವ್ಯಾಸ ಸುಮಾರು 648 ಮಿ.ಮೀ., 140/80-17ರದ್ದು 656. ವ್ಯತ್ಯಾಸ ಶೇಕಡಾ 1.2. ಎಚ್ಚರಿಕೆಯ ದೀಪ ಒಮ್ಮೆಯೂ ಹೊತ್ತಲಿಲ್ಲ. ವೇಗ ಅಳೆಯುವ ಸೆನ್ಸರ್ ಮುಂದಿನ ಚಕ್ರದಲ್ಲಿದ್ದುದರಿಂದ ಸ್ಪೀಡೋಮೀಟರಿನಲ್ಲೂ ಬದಲಾವಣೆಯಿರಲಿಲ್ಲ. ಭಾರ ಹೊರುವ ಸಾಮರ್ಥ್ಯದ ವಿಷಯದಲ್ಲಿ ಅಗಲದ ಟೈರ್ ಮುಂದಿತ್ತು: ಅದರ ಲೋಡ್ ಇಂಡೆಕ್ಸ್ 69, ಅಂದರೆ 325 ಕಿಲೋ, ಮೂಲ ಟೈರಿನದು 64, ಅಂದರೆ 280 ಕಿಲೋ. ಆದರೆ ಬೇಕಾದದ್ದು 230, ಅದಕ್ಕೆ 280 ಸಾಕಾಗಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಂದ ವಾಹನ ಬೇರೆಯಾಗುವಂಥ ಮಾರ್ಪಾಡುಗಳನ್ನು ತಡೆಯುತ್ತದೆ ಎಂಬುದನ್ನೂ, ವಿಮೆಯವರಿಗೆ ತಿಳಿಸದೆ ಅಳತೆ ಬದಲಿಸಿದ್ದನ್ನೂ ಅವರ ಗಮನಕ್ಕೆ ತಂದೆ.

ಓಲಾಟದ ಮೂಲ

ಇಷ್ಟಾದರೂ ಓಲಾಟಕ್ಕೆ ಉತ್ತರ ಸಿಕ್ಕಿರಲಿಲ್ಲ. ಅದು ಹಳೆಯ ಟೈರಿನಲ್ಲೂ ಇತ್ತು, ಹೊಸದರಲ್ಲೂ ಇತ್ತು. ಆದ್ದರಿಂದ ಟೈರಿನಾಚೆ ಹುಡುಕಬೇಕಿತ್ತು. ಹ್ಯಾಂಡಲಿನ ಬೇರಿಂಗ್, ಹಿಂದಿನ ಚಕ್ರದ ಬೇರಿಂಗ್, ಸ್ವಿಂಗ್ ಆರ್ಮಿನ ಬುಷ್ ಎಲ್ಲವೂ ಸರಿಯಿದ್ದವು. ಮೂರು ಸ್ಪೋಕ್ ಸಡಿಲವಿದ್ದವು, ಬಿಗಿ ಮಾಡಿಸಿದೆವು.

ಆಮೇಲೆ ಹಿಂದಿನ ಆಕ್ಸಲ್ಲಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಟೇಪಿನಲ್ಲಿ ಅಳೆದೆವು: ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಒಮ್ಮೆ, ದಂಪತಿ ಕೂತು ಪೆಟ್ಟಿಗೆಗಳು ತುಂಬಿದ್ದಾಗ ಒಮ್ಮೆ. ಗಾಡಿ 85 ಮಿ.ಮೀ. ಕುಸಿದಿತ್ತು. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ದೂರವೇ 180 ಮಿ.ಮೀ.; ಅದರ ಮೂರನೆಯ ಒಂದು ಭಾಗ, ಅಂದರೆ 60ರ ಆಸುಪಾಸು ಕುಸಿಯುವುದು ರೂಢಿ. ಶಾಕ್ ಅಬ್ಸಾರ್ಬರಿನ ಪ್ರಿಲೋಡ್, ಅಂದರೆ ಅದರ ಸ್ಪ್ರಿಂಗನ್ನು ಮೊದಲೇ ಬಿಗಿದಿಡುವ ಮಟ್ಟ, ಗಾಡಿ ಕೊಂಡ ದಿನ ಇದ್ದಂತೆಯೇ ಅತ್ಯಂತ ಸಡಿಲ ಸ್ಥಾನದಲ್ಲಿತ್ತು. ಐದು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಹಿಂಭಾಗ ಅಷ್ಟು ಕುಸಿದಾಗ ಮುಂದಿನ ಚಕ್ರದ ಮೇಲಿನ ಭಾರ ಹಗುರಾಗಿ ಗಾಡಿ ಓಲಾಡತೊಡಗುತ್ತದೆ. ಟಾಪ್ ಬಾಕ್ಸ್ ತೆರೆದಾಗ ಉಳಿದರ್ಧ ಕಾರಣವೂ ಅಲ್ಲಿಯೇ ಸಿಕ್ಕಿತು: ಸ್ಪ್ಯಾನರುಗಳ ಕಟ್ಟು, ಗಾಳಿ ಹೊಡೆಯುವ ಪಂಪು, ನೀರಿನ ಎರಡು ಬಾಟಲಿ, ಕ್ಯಾಮೆರಾ, ಒಟ್ಟು 11 ಕಿಲೋ, ಟಾಪ್ ಬಾಕ್ಸ್ ಕೂರುವ ಕಂಬಿಗೆ ಕೈಪಿಡಿ ಅನುಮತಿಸಿದ್ದು 5. ಆಕ್ಸಲ್ಲಿಗಿಂತ ಹಿಂದೆ, ಅಷ್ಟು ಎತ್ತರದಲ್ಲಿ ತೂಗುವ ಭಾರ ಗಡಿಯಾರದ ಲೋಲಕದಂತೆ ಕೆಲಸ ಮಾಡುತ್ತದೆ.

ಹೊಸ 120/90-17 ಟೈರ್ ಬರಲು ಮೂರು ದಿನವಿತ್ತು. ಸವಾರರ ಶೆಡ್ಡಿನಲ್ಲಿ ಹಳೆಯ ಚಪ್ಪಟೆ ಟೈರ್ ಇನ್ನೂ ಬಿದ್ದಿತ್ತು. ಅದನ್ನೇ ಸರಿಯಾದ ಟ್ಯೂಬಿನೊಂದಿಗೆ ಹಾಕಿ, 32 ಪಿಎಸ್‌ಐ ಗಾಳಿ ಹಿಡಿಸಿ, ಪ್ರಿಲೋಡ್ ಬಿಗಿಸಿ ಕುಸಿತವನ್ನು 62ಕ್ಕೆ ತಂದು, ಭಾರದ ವಸ್ತುಗಳನ್ನು ಪಕ್ಕದ ಪೆಟ್ಟಿಗೆಗಳ ತಳಕ್ಕೆ ಇಳಿಸಿ, ಒಣ ದಿನವೊಂದರಲ್ಲಿ ಅದೇ ತರೀಕೆರೆ ದಾರಿಯಲ್ಲಿ ಅದೇ 75ಕ್ಕೆ ಓಡಿಸಿದೆವು. ಹಿಂದಿನ ಸೀಟಿಗೆ ಅವರ ಪತ್ನಿಯ ಬದಲು ಮರಳಿನ ಚೀಲಗಳನ್ನು ಬಿಗಿದಿದ್ದೆವು, ಏಕೆಂದರೆ ಅಂಥ ಟೈರಿನ ಮೇಲೆ ಮನುಷ್ಯರನ್ನು ಕೂರಿಸಿ ಪರೀಕ್ಷೆ ಮಾಡುವುದು ಸರಿಯಲ್ಲ. ಓಲಾಟ ಬರಲಿಲ್ಲ. ಸವೆದ, ಅಗಲವಿಲ್ಲದ, ಎಲ್ಲ ತೊಂದರೆಗೂ ಹೊಣೆಯೆಂದು ತೆಗೆದುಹಾಕಿದ್ದ ಅದೇ ಟೈರಿನ ಮೇಲೆ ಗಾಡಿ ನೇರವಾಗಿ ಹೋಯಿತು. ಸವಾರರು ರಸ್ತೆಯ ಪಕ್ಕ ನಿಲ್ಲಿಸಿ ಬಹಳ ಹೊತ್ತು ಮಾತಾಡಲಿಲ್ಲ.

ಈ ಪರೀಕ್ಷೆಯಲ್ಲಿ ಗಾಳಿ, ಪ್ರಿಲೋಡ್, ಸಾಮಾನು ಮೂರನ್ನೂ ಒಟ್ಟಿಗೆ ಬದಲಿಸಿದ್ದು ನನ್ನ ತಪ್ಪು. ಒಂದೊಂದಾಗಿ ಬದಲಿಸಿದ್ದರೆ ಪ್ರತಿಯೊಂದರ ಪಾಲು ತಿಳಿಯುತ್ತಿತ್ತು. ಮುಂದೆ ಇಂಥದ್ದನ್ನು ಮಾಡುವವರು ಆ ತಾಳ್ಮೆ ತೋರಬೇಕೆಂದು ಕೋರುತ್ತೇನೆ.

ಕೊನೆಯ ಆಯ್ಕೆ

130/80-17 ಹಾಕಿಸಿದರೆ ಹೇಗೆ ಎಂಬ ಮಾತೂ ಬಂತು. ಆ ಟೈರಿನ ವ್ಯಾಸ ಮೂಲಕ್ಕಿಂತ 8 ಮಿ.ಮೀ. ಕಡಿಮೆ, ಅಂದರೆ ಗಾಡಿಯ ಹಿಂಭಾಗ 4 ಮಿ.ಮೀ. ತಗ್ಗುತ್ತದೆ, ಕುಸಿತವನ್ನು ತಿದ್ದಲೆಂದು ಇಷ್ಟು ಕಷ್ಟಪಟ್ಟ ಮೇಲೆ ಮತ್ತೆ ತಗ್ಗಿಸುವುದಕ್ಕೆ ಕಾರಣ ಉಳಿದಿರಲಿಲ್ಲ. ಅದನ್ನು ಬೇಡವೆಂದವರು ಸವಾರರೇ. ಮೂಲ ಅಳತೆಯಲ್ಲಿಯೇ, ಒದ್ದೆ ರಸ್ತೆಗೆ ಹೊಂದುವ ನಮೂನೆಯ, ತಯಾರಾಗಿ ನಾಲ್ಕು ತಿಂಗಳಷ್ಟೇ ಆಗಿದ್ದ ಟೈರನ್ನು ಆರಿಸಿಕೊಂಡರು. 140ರ ಟೈರನ್ನು ಅದರ ಪಕ್ಕದ ಗೀರಿನ ಕಾರಣಕ್ಕೆ ಯಾರಿಗೂ ಮಾರದೆ ಇಟ್ಟುಕೊಂಡರು. ಅದೇ ಟೈರ್ ಕೊಳ್ಳಲಿದ್ದ ಬಳಗದ ಇಬ್ಬರೂ ಮೊದಲು ತಮ್ಮ ರಿಮ್ಮಿನ ಮೇಲಿನ ಅಚ್ಚನ್ನು ಓದಿದರು. ಒಬ್ಬರದು ಎರಡೂವರೆ ಇಂಚು, ಅವರು ಕೈಬಿಟ್ಟರು. ಇನ್ನೊಬ್ಬರ ಗಾಡಿ ಬೇರೆ, ರಿಮ್ ಮೂರೂವರೆ ಇಂಚು, ಸ್ವಿಂಗ್ ಆರ್ಮಿನಲ್ಲಿ ಜಾಗವೂ ಧಾರಾಳ. ಅವರು ಹಾಕಿಸಿಕೊಂಡರು, ಇಂದಿಗೂ ನೆಮ್ಮದಿಯಾಗಿ ಓಡಿಸುತ್ತಿದ್ದಾರೆ.

ದಂಪತಿ ಡಿಸೆಂಬರಿನಲ್ಲಿ ರತ್ನಾಗಿರಿಗೆ ಹೋಗಿಬಂದರು. ಹೊರಡುವ ಮೊದಲು ಪಂಕ್ಚರ್ ಅಂಗಡಿಯ ಆ ಹಿರಿಯರನ್ನು ಕಂಡು ಮಾತಾಡಿಸಿದಾಗ, ಅವರು ಬಿಳಿ ಬಣ್ಣದಲ್ಲಿ ಅದ್ದಿದ ಕಡ್ಡಿಯಿಂದ ರಿಮ್ಮಿನಿಂದ ಟೈರಿನ ಮೇಲಕ್ಕೆ ಒಂದು ನೇರ ಗೆರೆ ಎಳೆದು ಕೊಟ್ಟಿದ್ದರಂತೆ, ಟೈರ್ ಜರುಗಿದರೆ ಗೆರೆ ಮುರಿದು ಕಾಣಲೆಂದು. ಮೊನ್ನೆ ಗಾಡಿ ಮತ್ತೆ ನಮ್ಮ ಅಂಗಳಕ್ಕೆ ಬಂದಾಗ ಹೊಸ ಟೈರ್ 3,200 ಕಿ.ಮೀ. ದಾಟಿತ್ತು. ಗೆರೆ ಸ್ವಲ್ಪ ಮಾಸಿತ್ತು, ಮುರಿದಿರಲಿಲ್ಲ.